ಹೋಟೆಲಲ್ಲಿ ಹುಡುಗೀನ ಏನಂತ ಕರೀಬೇಕು?

ಕೇಳುಗರೆಲ್ರಿಗೂ ನಮಸ್ಕಾರ. ಹೋಟೆಲಲ್ಲಿ ಕೂತಿದೀರ, ನೀರು ಬೇಕು, ಹೆಂಗೆ ಕರೀತೀರ? ಅಣ್ಣಾ ಅಂತೀರ, ಬಾಸ್ ಅಂತೀರ, ಹೆಣ್ಮಗಳಾದ್ರೆ ಅಕ್ಕಾ, ಮುಗೀತು. ಚೀನಾದಲ್ಲಿ ಇದು ಅಷ್ಟು ಸಲೀಸಲ್ಲ, ಕರೆಯೋ ಪದಗಳೇ ಒಂದೊಂದಾಗಿ ಕೈಕೊಟ್ಟಿವೆ.

1949ರ ಕ್ರಾಂತಿ ಆದ್ಮೇಲೆ ಎಲ್ರಿಗೂ ಒಂದೇ ಪದ, ಟೊಂಗ್‌ಝಿ, ಅಂದ್ರೆ ಕಾಮ್ರೇಡ್. ಬಸ್ ಕಂಡಕ್ಟರಿಗೂ ಅದೇ, ಅಂಗಡಿಯವಳಿಗೂ ಅದೇ. ಆಮೇಲೆ ಹಾಂಗ್‌ಕಾಂಗ್‌ನಲ್ಲಿ ಸಲಿಂಗಿಗಳು ಆ ಪದಾನ ತಮ್ಮದು ಮಾಡ್ಕೊಂಡ್ರು, ಆ ಅರ್ಥ ಚೀನಾದೊಳಕ್ಕೂ ಬಂತು. 2016ರಲ್ಲಿ ಕಮ್ಯುನಿಸ್ಟ್ ಪಕ್ಷದವರು ಒಬ್ರನ್ನೊಬ್ರು ಟೊಂಗ್‌ಝಿ ಅಂತಲೇ ಕರೀಬೇಕು ಅಂತ ನಿಯಮ ಬಂದಾಗ ಹುಡುಗರು ಮುಸಿಮುಸಿ ನಕ್ಕಿದ್ದು ಅದಕ್ಕೇ.

ಸರಿ, ಶಿಯಾವೊಜಿಯೆ ಅನ್ನೋಣ ಅಂದ್ರೆ, ಅದು ಒಂದು ಕಾಲದಲ್ಲಿ ದೊಡ್ಡಮನೆ ಹುಡುಗೀನ ಮರ್ಯಾದೆಯಿಂದ ಕರೆಯೋ ಮಾತು, ತೈವಾನಲ್ಲಿ ಇವತ್ತಿಗೂ ಹಂಗೇ, ಆದ್ರೆ ಬೀಜಿಂಗ್ ಕಡೆ ಅಂದ್ರೆ ವೇಶ್ಯೆ ಅಂದಂಗಾಗುತ್ತೆ, ಕಪಾಳಕ್ಕೆ ಬೀಳದಿದ್ರೆ ಪುಣ್ಯ! ಹಂಗಾಗಿ ಈಗ ಮೇ-ನ್ಯೂ ಅಂತಾರೆ, ಸುಂದರಿ ಅಂತ ಅರ್ಥ, ನಮ್ ಕಿವೀಗೆ ಮೆನು ಕೇಳಿದಂಗೇ ಇರುತ್ತೆ. ಐವತ್ತು ದಾಟಿದೋರಿಗೂ ಸುಂದರೀನೇ.

ಇದೆಲ್ಲ ತಮಾಷೆ ಬಿಡಿ, ಶೆಂಗ್-ನ್ಯೂ ಅನ್ನೋ ಪದ ಮಾತ್ರ ತಮಾಷೆ ಅಲ್ಲ. ತಂಗಳನ್ನಕ್ಕೆ ಅಲ್ಲಿ ಶೆಂಗ್-ಫಾನ್ ಅಂತಾರೆ, ಅದೇ ಶೆಂಗ್, ನ್ಯೂ ಅಂದ್ರೆ ಹೆಣ್ಣು. ಇಪ್ಪತ್ತೇಳು ದಾಟಿ ಮದುವೆ ಆಗದೇ ಇರೋಳು 'ಮಿಕ್ಕಿ ಉಳಿದೋಳು'. 2007ರಲ್ಲಿ ಶಿಕ್ಷಣ ಇಲಾಖೆಯವರು ಬಿಟ್ಟ ಹೊಸ ಪದಗಳ ಪಟ್ಟೀಲೂ ಇತ್ತು. ಓದಿ, ಕೆಲಸ ಹಿಡಿದು, ಸ್ವಂತ ದುಡ್ಡಲ್ಲಿ ಬಾಡಿಗೆ ಕಟ್ಕೊಂಡಿರೋ ಹುಡುಗಿ ಹೊಸವರ್ಷದ ಹಬ್ಬಕ್ಕೆ ಊರಿಗೆ ಹೋದ್ರೆ ಚಿಕ್ಕಮ್ಮ ದೊಡ್ಡಮ್ಮ ಎಲ್ಲ ಸೇರ್ಕೊಂಡು ಒಂದು ಸುತ್ತು ವಿಚಾರಿಸ್ಕೊಳ್ತಾರೆ. ಮೊದಲೂ ವಿಚಾರಿಸ್ತಿದ್ರು, ನಿಜ, ಆದ್ರೆ ಈಗ ಅದಕ್ಕೊಂದು ಹೆಸರು ಸಿಕ್ತಲ್ಲ, ಕಾಯಿಲೆಗೆ ಹೆಸರಿಟ್ಟಂಗೆ.

2012ರಲ್ಲಿ ಅಲ್ಲಿನ ದೊಡ್ಡ ನಿಘಂಟು ಹೊಸದಾಗಿ ಬಂದಾಗ ಶೆಂಗ್-ನ್ಯೂ ಪದಾನ ಸೇರಿಸದೇ ಬಿಟ್ರು, ಟೊಂಗ್‌ಝಿಯ ಹೊಸ ಅರ್ಥಾನೂ ಸೇರಿಸ್ಲಿಲ್ಲ. ಬಿಟ್ರೆ ಏನಾಯ್ತು, ಜನರ ಬಾಯಲ್ಲಿ ಎರಡೂ ಇವೆ.

ಹುಡುಗೀರೂ ಕಮ್ಮಿ ಇಲ್ಲ ಅನ್ನಿ. ಗೆಲುವು ಅನ್ನೋದಕ್ಕೂ ಚೀನೀಲಿ ಶೆಂಗ್ ಅಂತಲೇ ಅನ್ನೋದು, ಅಕ್ಷರ ಮಾತ್ರ ಬೇರೆ. ಹಳೇ ಅಕ್ಷರ ತೆಗೆದು ಇದನ್ನ ಹಾಕಿದ್ರು, ಉಳಿದೋಳು ಗೆದ್ದೋಳಾದ್ಲು. ಬರೆದು ತೋರಿಸಿದ್ರೆ ಗೊತ್ತಾಗುತ್ತೆ, ನಾನಿಲ್ಲಿ ರೇಡಿಯೋದಲ್ಲಿ ಹೇಳಿದ್ರೆ ಎರಡೂ ಒಂದೇ ಥರ ಕೇಳುತ್ತೆ, ನೋಡಿ: ಶೆಂಗ್-ನ್ಯೂ, ಶೆಂಗ್-ನ್ಯೂ.