‘ಹತ್ತು ಬಂಗಡೆ’ಯಿಂದ ‘ಟೆನ್ ಬೋಟ್ಸ್’ವರೆಗೆ: ಇಂಗ್ಲಿಷ್ ಬಹುವಚನ

(ದೃಶ್ಯ: ಕಾರವಾರದ ಮೀನುಪೇಟೆ, ಬುಟ್ಟಿಯ ತುಂಬ ಬಂಗಡೆ)

ನಮಸ್ಕಾರ. ಈ ಪೇಟೆಯಲ್ಲಿ ನಾವು ‘ಹತ್ತು ಬಂಗಡೆ ಕೊಡಿ’ ಎನ್ನುತ್ತೇವೆಯೇ ಹೊರತು ‘ಹತ್ತು ಬಂಗಡೆಗಳನ್ನು ಕೊಡಿ’ ಎಂದು ಕೇಳುವುದಿಲ್ಲ. ಶಿರಸಿಯ ತೋಟದಲ್ಲಿಯೂ ‘ಐದು ತೆಂಗಿನಕಾಯಿ’ ಎಂದರೆ ಮಾತು ಪೂರ್ಣವಾಯಿತು. ಸಂಖ್ಯೆಯೇ ಎದುರಿಗಿರುವಾಗ ವಸ್ತುವಿನ ಹೆಸರಿಗೆ ‘ಗಳು’ ಹಚ್ಚಲೇಬೇಕೆಂಬ ಕಟ್ಟುಪಾಡು ಆಡುಗನ್ನಡಕ್ಕಿಲ್ಲ. ಇಂಗ್ಲಿಷಿನಲ್ಲಿ ಸಂಖ್ಯೆ ಇದ್ದರೂ ಬಹುವಚನದ ಗುರುತು ಬೇಕೇ ಬೇಕು. ಆದ್ದರಿಂದ ನಮ್ಮ ಮಗು ‘ಫೈವ್ ಕೋಕನಟ್’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ, ಕನ್ನಡದ ರೂಢಿಯನ್ನು ಇಂಗ್ಲಿಷಿಗೆ ಹಚ್ಚಿದ್ದು. ಕೆಂಪು ಗೀಟು ಎಳೆಯುವ ಮೊದಲು ಇಷ್ಟನ್ನು ಮಗುವಿಗೆ ಹೇಳಲೇಬೇಕು.

(ದೃಶ್ಯ: ಗಂಟಲ ಮೇಲೆ ಎರಡು ಬೆರಳು)

ಬರೆಯುವ ಎಸ್ ಒಂದೇ ಆದರೂ ಅದರ ಉಚ್ಚಾರ ಮೂರು ಬಗೆ. ಗಂಟಲ ಮೇಲೆ ಬೆರಳಿಟ್ಟು ‘ಬೋಟ್’ ಎನ್ನಿ. ಕೊನೆಯ ಟಕಾರದಲ್ಲಿ ಕಂಪನವಿಲ್ಲ, ಆದ್ದರಿಂದ ‘ಬೋಟ್ಸ್’. ಏಡಿಗೆ ‘ಕ್ರ್ಯಾಬ್’ ಎನ್ನಿ; ಕೊನೆಯ ಬಕಾರ ಗಂಟಲನ್ನು ನಡುಗಿಸುತ್ತದೆ, ಎಸ್ ಕೂಡ ನಡುಗಿ ‘ಕ್ರ್ಯಾಬ್‌ಜ಼್’ ಆಗುತ್ತದೆ. ನಮ್ಮ ವ್ಯಾಕರಣವು ಅಘೋಷ, ಘೋಷ ಎಂದು ವಿಂಗಡಿಸಿರುವುದು ಇದನ್ನೇ. ಕ, ಟ, ತ, ಪ ಒಂದು ಕಡೆ, ಗ, ಡ, ದ, ಬ ಇನ್ನೊಂದು ಕಡೆ. ವರ್ಣಮಾಲೆ ಬಾಯಿಪಾಠ ಬಂದವರಿಗೆ ಅರ್ಧ ಪಾಠ ಆಗಲೇ ಆದಂತೆ. ಸ್ವರಗಳೂ ಘೋಷವೇ ಆದ್ದರಿಂದ ‘ಟ್ರೀ’ ಎಂಬುದು ‘ಟ್ರೀಜ಼್’ ಆಗುತ್ತದೆ. ಇನ್ನು ಬಸ್, ಬ್ರಷ್, ಬೆಂಚ್‌ಗಳ ಕೊನೆಯಲ್ಲಿ ಮೊದಲೇ ಸೀತ್ಕಾರದ ಧ್ವನಿಯಿದೆ. ಅದರ ಬೆನ್ನಿಗೇ ಮತ್ತೊಂದು ಎಸ್ ಬಂದರೆ ಕಿವಿಗೆ ಬೇರೆಯಾಗಿ ಕೇಳಿಸದು, ಹಾಗಾಗಿ ನಡುವೆ ಸ್ವರವೊಂದು ಸೇರಿ ‘ಬಸಿಜ಼್’, ‘ಬ್ರಷಿಜ಼್’ ಎಂದಾಗುತ್ತದೆ.

ವೀಳ್ಯದೆಲೆಯ ‘ಲೀಫ್’ ಬಹುವಚನದಲ್ಲಿ ‘ಲೀವ್ಜ಼್’ ಆಗುವಾಗಲೂ ಅಘೋಷವಾದ ಫ್ ಘೋಷವಾದ ವ್‌ಗೆ ತಿರುಗುತ್ತದೆ. ಆದರೆ ‘ರೂಫ್’ ಸಾಮಾನ್ಯವಾಗಿ ‘ರೂಫ್ಸ್’ ಆಗಿಯೇ ಉಳಿಯುತ್ತದೆ. ಇಂಥವನ್ನು ಒಂದೊಂದಾಗಿ ಕಲಿಯಬೇಕು.

(ದೃಶ್ಯ: ಬಂಗಡೆ, ತಾರ್ಲೆ, ಇಸವಾಣ ಒಂದೇ ತಟ್ಟೆಯಲ್ಲಿ)

ಆದರೆ ‘ಫಿಶ್’ ನಮ್ಮ ಬಂಗಡೆಯಂತೆಯೇ ನಡೆಯುತ್ತದೆ: ಒಂದಿದ್ದರೂ ಫಿಶ್, ಹತ್ತಿದ್ದರೂ ಫಿಶ್. ಈ ತಟ್ಟೆಯಲ್ಲಿರುವ ಮೂರು ಜಾತಿಗಳನ್ನು ಬೇರೆಬೇರೆಯಾಗಿ ಎಣಿಸುವಾಗ ‘ಥ್ರೀ ಫಿಶಿಜ಼್’ ಎನ್ನಬಹುದು.

‘ಚಿಲ್ಡ್ರನ್’ ಪದದ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. ಹಳೆಯ ಇಂಗ್ಲಿಷಿನಲ್ಲಿ ರಕಾರವಿದ್ದ ಪ್ರತ್ಯಯವೇ ‘ಚೈಲ್ಡ್’ ಪದವನ್ನು ಬಹುವಚನವಾಗಿಸಿತ್ತು. ಮುಂದೆ ಜನರಿಗೆ ಅದು ಸಾಲದೆನಿಸಿ, ಅದರ ಮೇಲೆ ‘ಎನ್’ ಎಂಬ ಇನ್ನೊಂದು ಬಹುವಚನ ಪ್ರತ್ಯಯವನ್ನೂ ಹಚ್ಚಿದರು. ನಾವು ‘ಪೇರೆಂಟ್ಸ್‌ಗಳು’ ಎನ್ನುವಾಗ ಮಾಡುವುದೂ ಇದನ್ನೇ.