ಆಶ್ರಯ ಕೇಂದ್ರದಿಂದ ಬಾಡಿಗೆ ಮನೆಗೆ

ಕೇಳುಗರೇ, ನಮಸ್ಕಾರ.

ಫುಟ್‌ಪಾತಿನಲ್ಲಿ, ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ನಮ್ಮ ನಗರಗಳಲ್ಲಿ ಮೊದಲು ಸಿಗುವ ಸೂರು ವಸತಿರಹಿತರ ಆಶ್ರಯ ಕೇಂದ್ರ. 2013ರಲ್ಲಿ ಶುರುವಾಗಿ 2024ರಲ್ಲಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮ ಹೀಗಿತ್ತು: ಪ್ರತಿ ಒಂದು ಲಕ್ಷ ಜನಸಂಖ್ಯೆಗೆ 100 ಮಂದಿ ತಂಗುವಷ್ಟು ಜಾಗ ಇರಬೇಕು. ಒಬ್ಬರಿಗೆ 50 ಚದರಡಿ. ವರ್ಷವಿಡೀ, ಹಗಲೂ ರಾತ್ರಿಯೂ ತೆರೆದಿರಬೇಕು. ಅಲ್ಲಿರುವಾಗಲೇ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಮಾಡಿಸಿಕೊಳ್ಳುವುದು ಒಳ್ಳೆಯದು. ವಿಳಾಸ ಇಲ್ಲದವರಿಗೆ ಯಾವ ಯೋಜನೆಯೂ ಹತ್ತಿರ ಬರುವುದಿಲ್ಲ.

ಸರಿ, ಕೇಂದ್ರದಿಂದ ಮುಂದೆ ಎಲ್ಲಿಗೆ? ಸರ್ಕಾರದ ಮನೆಗೆ ಅರ್ಜಿ ಹಾಕಬಹುದು. ಆದರೆ ಆದಾಯ ಪತ್ರ ಬೇಕು, ಫಲಾನುಭವಿಯ ವಂತಿಗೆ ಕಟ್ಟಬೇಕು, ಆಮೇಲೆ ಕಾಯಬೇಕು. ಮನೆ ಊರಾಚೆ ಸಿಕ್ಕರೆ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಬೆಳಗಿನ ಜಾವ ಕೆಲಸಕ್ಕೆ ಬರುವುದು ಹೇಗೆ? ಹಾಗಾಗಿ ಜಾಸ್ತಿ ಜನ ನೋಡುವುದು ಶೀಟ್ ಮನೆಯನ್ನು, ಇಲ್ಲವೇ ಮೂರು ನಾಲ್ಕು ಜನ ಸೇರಿ ಹಿಡಿಯುವ ಒಂದು ರೂಮನ್ನು.

ಬಾಡಿಗೆಯನ್ನು ಹೇಗೋ ದುಡಿದು ಕಟ್ಟಬಹುದು. ಸಿಕ್ಕಿಹಾಕಿಕೊಳ್ಳುವುದು ಅಡ್ವಾನ್ಸಿನಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಹಳೆಯ ರೂಢಿ. ಬಾಡಿಗೆ 5 ಸಾವಿರವಾದರೆ ಅಡ್ವಾನ್ಸ್ 50 ಸಾವಿರ! ದಿನಗೂಲಿಯಲ್ಲಿ ಅಷ್ಟನ್ನು ಕೂಡಿಡುವವರು ಯಾರು? ಇನ್ನು ಭೋಗ್ಯದ ಮಾತಂತೂ ಬಿಡಿ, ಅದಕ್ಕೆ ಲಕ್ಷಗಟ್ಟಲೆ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎಂದಿದೆ. ಆದರೆ ಅದು ಬರೀ ಮಾದರಿ. ಆಯಾ ರಾಜ್ಯ ಒಪ್ಪಿದರೆ ಮಾತ್ರ ಜಾರಿ.

ಫಿನ್‌ಲೆಂಡ್ ದೇಶ 2008ರಿಂದ ಬೇರೆ ದಾರಿ ಹಿಡಿಯಿತು. ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಎನ್ನಲಿಲ್ಲ. ಮೊದಲು ಬೀಗದ ಕೈ ಕೊಟ್ಟರು. ಹೆಲ್ಸಿಂಕಿಯಲ್ಲಿ ಸಾಲು ಮಂಚದ ತಂಗುದಾಣಗಳನ್ನೇ ಫ್ಲ್ಯಾಟ್‌ಗಳನ್ನಾಗಿ ಮಾಡಿದರು. ಇರುವವರ ಹೆಸರಿಗೆ ಬಾಡಿಗೆ ಕರಾರು ಇರುತ್ತದೆ, ಅವರು ಬಾಡಿಗೆ ಕಟ್ಟುತ್ತಾರೆ, ಸಾಲದಿದ್ದರೆ ಸರ್ಕಾರದ ಭತ್ಯೆ ಇದೆ. ನೋಡಿಕೊಳ್ಳಲು ಕಾರ್ಯಕರ್ತರೂ ಇರುತ್ತಾರೆ. ಆ ಶ್ರೀಮಂತ ದೇಶದ ಖರ್ಚು ನಮಗೆ ಆಗದು ಅನ್ನಬಹುದು. ಒಪ್ಪುತ್ತೇನೆ. ಆದರೆ ಅಡ್ವಾನ್ಸ್ ಖರ್ಚಾಗಿ ಹೋಗುವ ದುಡ್ಡಲ್ಲ, ಮನೆ ಬಿಡುವಾಗ ವಾಪಸ್ ಬರುವಂಥದ್ದು ಅಲ್ವಾ? (ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಅದು ಬೇರೆ ಮಾತು.) ಪಾಲಿಕೆ ಒಂದು ನಿಧಿ ಇಟ್ಟು, ಆಶ್ರಯ ಕೇಂದ್ರ ಬಿಡುವವರ ಪರವಾಗಿ ಅಡ್ವಾನ್ಸನ್ನು ನೇರವಾಗಿ ಮನೆ ಮಾಲೀಕರಿಗೆ ಕಟ್ಟಲಿ. ಒಬ್ಬರು ಮನೆ ಬಿಟ್ಟಾಗ ಅದೇ ಹಣ ಇನ್ನೊಬ್ಬರಿಗೆ ಆಗುತ್ತದೆ.

ನಮಸ್ಕಾರ.