ಡೆಲ್ಟಿಕ್: ಗುಜರಿಯ ಬಾಯಿಂದ ಉಳಿದ ಆರು ಲೋಕೋಗಳು

[ದೃಶ್ಯ: ಲಂಡನ್‌ನ ಕಿಂಗ್ಸ್ ಕ್ರಾಸ್ ನಿಲ್ದಾಣ. ಪ್ಲಾಟ್‌ಫಾರ್ಮ್ ತುಂಬ ಜನ. ಲೋಕೋದ ಗುಡುಗು.]

ನಮಸ್ಕಾರ. ಉಗಿಬಂಡಿ ಎಂದರೆ ಎಲ್ಲರಿಗೂ ಪ್ರೀತಿ, ಮ್ಯೂಸಿಯಂನಲ್ಲಿ ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ರೈಲು ಎಳೆಯುವ ಡೀಸೆಲ್ ಬಂಡಿಗೆ, ಅಂದರೆ ಡೀಸೆಲ್ ಲೋಕೋಗೆ, ಆ ಭಾಗ್ಯ ಕಡಿಮೆ. ಕೆಲಸ ಮುಗಿದ ಮೇಲೆ ಅದನ್ನು ಕಬ್ಬಿಣದ ತೂಕದಲ್ಲಿ ಲೆಕ್ಕ ಹಾಕುವವರೇ ಹೆಚ್ಚು. 1982ರ ಜನವರಿ 2ರಂದು ಈ ನಿಲ್ದಾಣದಿಂದ ಎಡಿನ್‌ಬರೊಗೆ ಹೋಗಿ ಬಂದದ್ದು ಬ್ರಿಟಿಷ್ ರೈಲ್ ಸಂಸ್ಥೆಯ ಡೆಲ್ಟಿಕ್ ಎಂಬ ಡೀಸೆಲ್ ಲೋಕೋಗಳ ವಿದಾಯದ ಓಟ. ಮರಳಿ ಬರುವಾಗ ಮುಂದಿದ್ದ ಲೋಕೋದ ಹೆಸರು ರಾಯಲ್ ಸ್ಕಾಟ್ಸ್ ಗ್ರೇ. ಹೆಸರು ನೆನಪಿರಲಿ.

[ದೃಶ್ಯ: ತಲೆಕೆಳಗಾದ ತ್ರಿಕೋನದ ಅನಿಮೇಷನ್.]

ಈ ಲೋಕೋದ ವಿಶೇಷ ಅದರ ಹೊಟ್ಟೆಯೊಳಗಿದೆ. ನೇಪಿಯರ್ ಕಂಪನಿ ಈ ಎಂಜಿನ್ನನ್ನು ಮೊದಲು ಮಾಡಿದ್ದು ನೌಕಾಪಡೆಯ ವೇಗದ ದೋಣಿಗಳಿಗಾಗಿ. ಸಿಲಿಂಡರ್‌ಗಳನ್ನು ತ್ರಿಕೋನದ ಮೂರು ಬದಿಗಳಲ್ಲಿ ಕೂರಿಸಿದ್ದಾರೆ, ಮೂರು ಮೂಲೆಗೆ ಮೂರು ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳ ಓಡಾಟವನ್ನು ತಿರುಗುವಿಕೆಯಾಗಿಸುವ ದಂಡ. ಒಂದೊಂದು ಸಿಲಿಂಡರ್‌ನಲ್ಲೂ ಎರಡು ಪಿಸ್ಟನ್, ಎದುರುಬದುರು. ಹೀಗೆ 18 ಸಿಲಿಂಡರ್‌ಗೆ 36 ಪಿಸ್ಟನ್. ಸಿಲಿಂಡರ್‌ನ ತುದಿ ಮುಚ್ಚುವ ಹೆಡ್ ಇಲ್ಲ, ವಾಲ್ವ್ ಇಲ್ಲ. ಎಲ್ಲ ತಾಳ ಕೂಡಿಬರಲು ಮೂರರಲ್ಲಿ ಒಂದು ಶಾಫ್ಟ್ ಉಳಿದೆರಡರ ವಿರುದ್ಧ ದಿಕ್ಕಿಗೆ ತಿರುಗಬೇಕು. ಈ ಉಪಾಯ ಹೊಳೆದವರಿಗೆ ಕೈಮುಗಿಯಬೇಕು ಅನಿಸುತ್ತದೆ ನನಗೆ.

ಇಂಥ ಎರಡು ಎಂಜಿನ್ ಒಂದು ಲೋಕೋದಲ್ಲಿ. ಒಟ್ಟು 3,300 ಅಶ್ವಶಕ್ತಿ, ತೂಕ ಸುಮಾರು 100 ಟನ್. ಕೃಷ್ಣರಾಜಪುರಂ ಕಡೆ ಓಡಾಡಿದವರಿಗೆ ನಮ್ಮ ರೈಲ್ವೆಯ ಡೀಸೆಲ್ ಲೋಕೋ ಡಬ್ಲ್ಯೂಡಿಎಂ-2 ಗೊತ್ತು. ಅದೇ ಕಾಲದ ಲೋಕೋ ಅದು, ತೂಕ ಸುಮಾರು 113 ಟನ್, ಶಕ್ತಿ 2,600. ಹೋಲಿಸಿ ನೋಡಿ.

1961-62ರಲ್ಲಿ ಬಂದ 22 ಡೆಲ್ಟಿಕ್‌ಗಳು 55 ಉಗಿಬಂಡಿಗಳ ಕೆಲಸ ವಹಿಸಿಕೊಂಡವು. ಗಂಟೆಗೆ 160 ಕಿ.ಮೀ. ವೇಗ. ಕೆಲವಕ್ಕೆ ಸೇನೆಯ ರೆಜಿಮೆಂಟ್‌ಗಳ ಹೆಸರು, ಕೆಲವಕ್ಕೆ ರೇಸ್ ಕುದುರೆಗಳದ್ದು. 1978ರಲ್ಲಿ ಅದೇ ಮಾರ್ಗಕ್ಕೆ ಹೈಸ್ಪೀಡ್ ಟ್ರೇನ್ ಬಂತು, ಇವುಗಳ ಕಾಲ ಮುಗಿಯಿತು.

[ದೃಶ್ಯ: ಡಾನ್‌ಕ್ಯಾಸ್ಟರ್ ಕಾರ್ಖಾನೆಯಲ್ಲಿ ಸಾಲಾಗಿ ನಿಂತ ಲೋಕೋಗಳು.]

22ರಲ್ಲಿ 16 ಡಾನ್‌ಕ್ಯಾಸ್ಟರ್‌ನಲ್ಲಿ ತುಂಡಾದವು. ಆರು ಉಳಿದವು. ಅಭಿಮಾನಿಗಳು ಡೆಲ್ಟಿಕ್ ಪ್ರಿಸರ್ವೇಶನ್ ಸೊಸೈಟಿ ಕಟ್ಟಿದ್ದು 1977ರಲ್ಲಿ, ಲೋಕೋಗಳು ಇನ್ನೂ ದುಡಿಯುತ್ತಿದ್ದಾಗಲೇ. ನನ್ನ ಪ್ರಕಾರ ಮುಖ್ಯ ವಿಷಯ ಇದೇ. ಗ್ಯಾಸ್ ಕಟರ್ ಹತ್ತಿರ ಬಂದ ಮೇಲೆ ಚಂದಾ ಎತ್ತಲು ಹೊರಟಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಸೊಸೈಟಿಯ ಕೈಯಲ್ಲಿ ಈಗ ಮೂರು ಲೋಕೋಗಳಿವೆ: ಅಲಿಸಿಡನ್, ಟುಲ್ಯಾರ್, ರಾಯಲ್ ಹೈಲ್ಯಾಂಡ್ ಫ್ಯುಸಿಲಿಯರ್.

ಆದರೆ ಕೊಂಡುಕೊಂಡರೆ ಮುಗಿಯುವುದಿಲ್ಲ. ರೈಲ್ವೆಯ ಕಾಲದಲ್ಲಿ ಎಂಜಿನ್ ಕೆಟ್ಟರೆ ಇಡೀ ಎಂಜಿನ್ನನ್ನೇ ಎತ್ತಿ ಬೇರೊಂದನ್ನು ಇಳಿಸುತ್ತಿದ್ದರು, ಕೆಟ್ಟದ್ದು ಕಾರ್ಖಾನೆಗೆ ಹೋಗುತ್ತಿತ್ತು. ಈಗ ಅಂಥ ಕಾರ್ಖಾನೆಯಿಲ್ಲ, ಹೊಸ ಎಂಜಿನ್ ಎರಕ ಹೊಯ್ಯುವವರೂ ಇಲ್ಲ. ಇರುವ ಬಿಡಿಭಾಗಗಳಲ್ಲೇ ಸಂಸಾರ ನಡೆಯಬೇಕು. ಬಣ್ಣ ಬಳಿದು ಶೆಡ್ಡಿನಲ್ಲಿ ನಿಲ್ಲಿಸುವುದು ಸುಲಭ. ಆ ಗುಡುಗು ಕೇಳಿಸಬೇಕೆಂದರೆ ಕೆಲಸ ಬಲ್ಲ ಕೈಗಳು ಬೇಕು, ಅವರು ಕಿರಿಯರಿಗೆ ಕಲಿಸಲೂ ಬೇಕು.

[ದೃಶ್ಯ: ಸಮುದ್ರದಲ್ಲಿ ನೌಕಾಪಡೆಯ ಗಸ್ತು ದೋಣಿ. ನಂತರ ರಾಯಲ್ ಸ್ಕಾಟ್ಸ್ ಗ್ರೇ.]

ರಾಯಲ್ ಸ್ಕಾಟ್ಸ್ ಗ್ರೇ ನೆನಪಿದೆಯಲ್ಲ? 1996ರಲ್ಲಿ ಅದು ಮತ್ತೆ ಮುಖ್ಯ ಮಾರ್ಗಕ್ಕೆ ಇಳಿಯಿತು. ಮುಂದೆ ಅದರ ಒಂದು ಎಂಜಿನ್ ಕೈಕೊಟ್ಟಿತು. ರೈಲಿನ ಎಂಜಿನ್ ಎಲ್ಲಿಂದ ತರುವುದು? ನಾರ್ವೆಯ ನೌಕಾಪಡೆ ಬಳಸಿ ಬಿಟ್ಟಿದ್ದ ಡೆಲ್ಟಿಕ್ ಎಂಜಿನ್ ತಂದು, ಲೋಕೋಗೆ ಹೊಂದುವಂತೆ ಮಾರ್ಪಡಿಸಿ ಕೂರಿಸಿದರು. ದೋಣಿಗೆಂದು ಹುಟ್ಟಿದ ಎಂಜಿನ್ನಿನ ಬಳಗ ದೋಣಿಯ ಕಡೆಯಿಂದಲೇ ನೆರವು ಪಡೆಯಿತು!

2011ರಲ್ಲಿ ಸರಕು ಸಾಗಣೆಯ ಕಂಪನಿಯೊಂದು ಇದೇ ಲೋಕೋವನ್ನು ಬಾಡಿಗೆಗೆ ಪಡೆಯಿತು. ನಾರ್ತ್ ಬ್ಲೈತ್ ಬಂದರಿನಿಂದ ಲೈನ್‌ಮತ್‌ನ ಅಲ್ಯೂಮಿನಿಯಂ ಕಾರ್ಖಾನೆಗೆ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ತಯಾರಿಸುವ ಕಚ್ಚಾ ಪುಡಿ ತುಂಬಿದ ವ್ಯಾಗನ್ ಎಳೆಯುವ ಕೆಲಸ. ವಿದಾಯ ಹೇಳಿಸಿಕೊಂಡು 29 ವರ್ಷಗಳ ಮೇಲೆ ಅದು ಮತ್ತೆ ದುಡಿಮೆಗೆ ಇಳಿದಿತ್ತು.

[ದೃಶ್ಯ: ವ್ಯಾಗನ್‌ಗಳ ಸಾಲು ದೂರ ಸಾಗುತ್ತದೆ. ಎಂಜಿನ್ನಿನ ಸದ್ದು ಮಾತ್ರ.]